ಬೆಂಕೀಪುರದ ಬೆಂಕಿ ಮತ್ತು ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕಡೆ ಕಾಲೇಜುಗಳಲ್ಲಿ ಸರ್ ಎಂ.ವಿ. ಫೋಟೋಗೆ ಹಾರ, ಕೆ.ಆರ್.ಎಸ್. ಬಗ್ಗೆ ಎರಡು ಭಾಷಣ, ಒಂದು ಕ್ವಿಜ್, ಆಮೇಲೆ ಕಾಫಿ. ಶಿವಮೊಗ್ಗದಿಂದ ಬಸ್ಸಲ್ಲಿ ಅರ್ಧ ಗಂಟೆ ದೂರದ ಭದ್ರಾವತಿಯಲ್ಲಿ ಅವರು ಆರು ವರ್ಷ ಒಂದು ಬೆಂಕಿ ಆರದ ಹಾಗೆ ನೋಡಿಕೊಂಡ ಕಥೆ ಮಾತ್ರ ಆ ಭಾಷಣಗಳಲ್ಲಿ ಬರೋದು ಕಡಿಮೆ. ಹಾಗಾಗಿ ಈ ಸಲ ಅದನ್ನೇ ಬರೀತಿದ್ದೀನಿ.

ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಮೇ ತಿಂಗಳ ಕೆಲಸ ಗೊತ್ತು. ಮಳೆ ಹಿಡಿಯೋದ್ರೊಳಗೆ ಸೌದೆ ಒಡೆದು, ಒಣಗಿಸಿ, ಕೊಟ್ಟಿಗೆಯಲ್ಲಿ ಒಟ್ಟಬೇಕು. ಬಚ್ಚಲೊಲೆಯ ಬೂದಿ ತೆಗೆದು, ಬಿರುಕಿಗೆ ಮಣ್ಣು ಮೆತ್ತಬೇಕು. ಇಷ್ಟು ಮಾಡದಿದ್ದರೆ ಜುಲೈನಲ್ಲಿ ಹಂಡೆ ನೀರು ಕಾಯಲ್ಲ, ಬರೀ ಹೊಗೆ. ಭದ್ರಾವತಿ ಕಾರ್ಖಾನೆಯದ್ದೂ ಇದೇ ಲೆಕ್ಕ. ಆದರೆ ಅಲ್ಲಿ ಒಲೆ ಒಂದು ಕಟ್ಟಡದಷ್ಟು ಎತ್ತರ, ಸೌದೆ ಒಂದು ಕಾಡಿನಷ್ಟು.

ವಿಶ್ವೇಶ್ವರಯ್ಯನವರ ಮೊದಲ ಜೀವನ ಎಲ್ಲರಿಗೂ ಗೊತ್ತಿರೋದೇ, ಬೇಗ ಹೇಳಿಬಿಡ್ತೀನಿ. ಹುಟ್ಟಿದ್ದು ಮುದ್ದೇನಹಳ್ಳಿ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡರು. ಪೂನಾದಲ್ಲಿ ಎಂಜಿನಿಯರಿಂಗ್, 1884ರಿಂದ ಬೊಂಬಾಯಿ ಸರ್ಕಾರದ ನೌಕರಿ, 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನ್. 1918ರಲ್ಲಿ ರಾಜೀನಾಮೆ ಕೊಟ್ಟರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಜಾಗ ಮೀಸಲಿಡುವ ವಿಚಾರದಲ್ಲಿ ಮಹಾರಾಜರಿಗೂ ಅವರಿಗೂ ಒಮ್ಮತ ಬರಲಿಲ್ಲ. ಈ ಒಂದು ವಿಷಯದಲ್ಲಿ ನಾನು ಮಹಾರಾಜರ ಕಡೆ. ಅದನ್ನ ಮುಚ್ಚಿಟ್ಟು ಜೀವನಚರಿತ್ರೆ ಬರೆಯೋದು ಸರಿ ಅನ್ನಿಸಲಿಲ್ಲ.

ಭದ್ರಾವತಿಯ ಯೋಜನೆ ಅವರು ದಿವಾನರಾಗಿದ್ದಾಗಲೇ ಶುರುವಾಗಿತ್ತು. ಊರಿನ ಹೆಸರು ಆಗ ಬೆಂಕೀಪುರ. ಕಬ್ಬಿಣ ಕರಗಿಸೋ ಊರಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗುತ್ತಾ! ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಲ್ಲಿ, ನೀರು ಭದ್ರಾ ನದಿಯಲ್ಲಿ. ಇಲ್ಲದ್ದು ಒಂದೇ, ಕಲ್ಲಿದ್ದಲು. ಮೈಸೂರು ಸೀಮೆಯಲ್ಲೆಲ್ಲೂ ಅದಿಲ್ಲ, ಬಂಗಾಳ-ಬಿಹಾರದ ಕಡೆಯಿಂದ ರೈಲಲ್ಲಿ ತರಿಸಿದರೆ ಲೆಕ್ಕ ಕೈಮೀರುತ್ತಿತ್ತು. ಅದಕ್ಕೇ ಸೌದೆಯನ್ನ ಮುಚ್ಚಿದ ಕೋಣೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿ, ಅದರಿಂದ ಕುಲುಮೆ ಉರಿಸೋದು ಅಂತ ತೀರ್ಮಾನ ಆಯ್ತು. ಹೊಗೆಯನ್ನೂ ಬಿಡಲಿಲ್ಲ, ತಣಿಸಿ ಅದರಿಂದ ಮರದ ಆಲ್ಕೋಹಾಲ್, ಟಾರು ಎಲ್ಲ ತೆಗೆದರು. ಸಲಹೆ ಕೊಟ್ಟದ್ದು ಅಮೆರಿಕದ ಪೆರಿನ್ ಅಂಡ್ ಮಾರ್ಷಲ್ ಕಂಪನಿ. ಟಾಟಾ ಅವರ ಜಮ್‌ಶೆಡ್‌ಪುರದ ಕಾರ್ಖಾನೆಗೆ ಕೆಲಸ ಮಾಡಿದ್ದ ಪೆರಿನ್ ಇವರೇ.

1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಕಚ್ಚಾ ಕಬ್ಬಿಣದ ಬೆಲೆ ನೆಲ ಕಚ್ಚಿತ್ತು. ಹಾಕಿದ ದುಡ್ಡು ದೊಡ್ಡದು, ಬರೋದು ಚಿಲ್ಲರೆ. ಮುಚ್ಚಿಬಿಡಿ ಅನ್ನೋ ಮಾತು ಬಲವಾಯಿತು. ಆಗ ಮಹಾರಾಜರು ಕರೆಸಿದ್ದು ತಮ್ಮ ಜೊತೆ ಭಿನ್ನಾಭಿಪ್ರಾಯದಿಂದ ಹೊರಗೆ ಹೋಗಿದ್ದ ಇದೇ ಮನುಷ್ಯನನ್ನ. ಅರವತ್ತು ದಾಟಿದ್ದ ಎಂ.ವಿ. ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು, 1929ರವರೆಗೆ ಇದ್ದರು.

ಮುಚ್ಚೋದು ಅಂದ್ರೆ ಇಲ್ಲಿ ಸ್ವಿಚ್ ಆಫ್ ಮಾಡಿದಂತಲ್ಲ, ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಲಾಸ್ಟ್ ಫರ್ನೆಸ್ ಹಗಲೂ ರಾತ್ರಿ ಉರೀತಾನೇ ಇರಬೇಕು. ತುಂಬಾ ಹೊತ್ತು ಗಾಳಿ ನಿಂತರೆ ತಳದಲ್ಲಿರೋ ಕಬ್ಬಿಣ, ಕಿಟ್ಟ ಗಟ್ಟಿಯಾಗಿ ಒಂದೇ ಬಂಡೆ ಆಗುತ್ತೆ. ಅದನ್ನ ಒಡೆದು ತೆಗೆಯೋದೇ ಒಂದು ದೊಡ್ಡ ಕೆಲಸ. ತಣ್ಣಗಿರೋ ಕುಲುಮೆಯನ್ನ ಮತ್ತೆ ಹಚ್ಚೋದೂ ಆತುರದ ಕೆಲಸ ಅಲ್ಲ. ಒಳಗಿನ ಬೆಂಕಿ ಇಟ್ಟಿಗೆಯಲ್ಲಿ, ಗಾರೆಯಲ್ಲಿ ನೀರಿನ ಪಸೆ ಇರುತ್ತೆ. ಒಮ್ಮೆಗೇ ಕಾಯಿಸಿದರೆ ಆ ನೀರು ಆವಿಯಾಗಿ ಇಟ್ಟಿಗೆ ಸಿಡಿಯುತ್ತೆ. ಸಣ್ಣ ಉರಿಯಲ್ಲಿ ದಿನಗಟ್ಟಲೆ ಒಣಗಿಸಿ, ಆಮೇಲೆ ಇದ್ದಿಲು ತುಂಬಿ, ಗಾಳಿ ಬಿಟ್ಟು, ಅದಿರನ್ನ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಪಕ್ಕದ ಬಿಸಿಗಾಳಿ ಒಲೆಗಳೂ ತಯಾರಿರಬೇಕು. ಕುಲುಮೆಯಿಂದ ಬರೋ ಗ್ಯಾಸನ್ನೇ ಅಲ್ಲಿ ಉರಿಸಿ ಇಟ್ಟಿಗೆ ಕಾಯಿಸೋದು, ನಂತರ ಅದೇ ಇಟ್ಟಿಗೆಗಳ ಮೇಲೆ ಗಾಳಿ ಹಾಯಿಸಿ ಬಿಸಿ ಮಾಡಿ ಕುಲುಮೆಗೆ ಊದೋದು.

ಇದರ ಮೇಲೆ ನಮ್ಮ ಮಳೆ. ಸೌದೆ ಒದ್ದೆಯಾದರೆ ಇದ್ದಿಲು ಮಾಡೋ ಶಾಖದ ಬಹುಪಾಲು ನೀರು ಆರಿಸೋಕೇ ಖರ್ಚು. ಆದ್ದರಿಂದ ಇಂಥ ಕುಲುಮೆಗೆ ಬೇಸಿಗೆಯಲ್ಲೇ ಸೌದೆ ಕಡಿದು, ಒಣಗಿಸಿ, ದಾಸ್ತಾನು ಮಾಡಿಡಬೇಕು. ಗಾಳಿಯದ್ದೂ ತಾಪತ್ರಯವೇ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತೆ. ಅಂದರೆ 1,000 ಘನ ಮೀಟರ್ ಊದಿದರೆ ಕುಲುಮೆಯೊಳಗೆ ಎರಡು ಬಕೆಟ್ ನೀರು ಸುರಿದ ಹಾಗೆ. ಆ ಆವಿ ಕೆಂಡದ ಇಂಗಾಲದ ಜೊತೆ ಸೇರಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಆಗುವಾಗ ಶಾಖ ಹೀರುತ್ತೆ. ಗಾಳಿಯನ್ನ ಇನ್ನಷ್ಟು ಬಿಸಿ ಮಾಡಬೇಕು, ಇಲ್ಲದಿದ್ದರೆ ಅಷ್ಟೇ ಕಬ್ಬಿಣಕ್ಕೆ ಹೆಚ್ಚು ಇದ್ದಿಲು ಸುರಿಯಬೇಕು. ಥರ್ಮೋ ಪೇಪರಲ್ಲಿ ಐದು ಮಾರ್ಕಿಗೆ ಬರೋ ಸಮೀಕರಣ ಅಲ್ಲಿ ದಿನಾ ಖರ್ಚಿನ ಪುಸ್ತಕದಲ್ಲಿ ಕಾಣುತ್ತಿತ್ತು ಅಂದ್ಕೊಳ್ಳಿ.

ಎಂ.ವಿ. ಬಂದು ಮಾಡಿದ್ದರಲ್ಲಿ ಪವಾಡ ಏನಿಲ್ಲ. ಪೋಲಾಗ್ತಿದ್ದದ್ದನ್ನ ಹುಡುಕಿ ನಿಲ್ಲಿಸಿದರು, ಖರ್ಚು ಕಡಿಮೆ ಮಾಡಿದರು. ದೊಡ್ಡ ಸಂಬಳದ ವಿದೇಶಿ ಪರಿಣತರ ಜಾಗಕ್ಕೆ ಇಲ್ಲಿನ ಎಂಜಿನಿಯರುಗಳನ್ನ ತರಬೇತಿ ಕೊಟ್ಟು ತಂದರು. ನನಗೆ ಇದೇ ಅವರ ದೊಡ್ಡ ಕೆಲಸ ಅನ್ಸುತ್ತೆ. ಕುಲುಮೆಯ ಸದ್ದು, ಕಿಟ್ಟದ ಬಣ್ಣ ನೋಡಿ ಒಳಗೇನಾಗ್ತಿದೆ ಅಂತ ಹೇಳಬಲ್ಲ ಜನ ಊರಲ್ಲೇ ಇಲ್ಲದಿದ್ದರೆ ಯಂತ್ರ ಎಷ್ಟು ಒಳ್ಳೇದಾದರೂ ಮುಂದಿನ ಮಳೆಗಾಲ ದಾಟಲ್ಲ.

ಆದರೆ ಆ ಸೌದೆ ಎಲ್ಲಿಂದ ಬಂತು ಅನ್ನೋದನ್ನೂ ಕೇಳಬೇಕು. ಒಂದು ಟನ್ ಇದ್ದಿಲಿಗೆ ಮೂರು-ನಾಲ್ಕು ಟನ್ ಒಣ ಸೌದೆ ಬೇಕು. ಕಾರ್ಖಾನೆಗೋಸ್ಕರ ಕಾಡೊಳಗೆ ಟ್ರಾಮ್ ಹಳಿ ಹೋಯಿತು, ಮರ ಈ ಕಡೆ ಬಂತು. ಮುಂದೆ ಜೋಗದ ವಿದ್ಯುತ್ ಸಿಕ್ಕ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಅಷ್ಟರಲ್ಲಿ ಕಾಡು ಕೊಡಬೇಕಾದ್ದು ಕೊಟ್ಟಾಗಿತ್ತು.

ಅಧ್ಯಕ್ಷಗಿರಿಗೆ ಎಂ.ವಿ. ಸಂಬಳ ತಗೊಳ್ಳಲಿಲ್ಲ. ಅವರಿಗೆ ಸಲ್ಲಬೇಕಾದ ಹಣ ಬೆಂಗಳೂರಿನಲ್ಲಿ ಕಸುಬು ಕಲಿಸೋ ಒಂದು ಸಂಸ್ಥೆಗೆ ಹೋಯಿತು. ಅದಕ್ಕೆ ಇಟ್ಟದ್ದು ಅವರ ಹೆಸರಲ್ಲ, ಜಯಚಾಮರಾಜೇಂದ್ರರ ಹೆಸರು. ಎಸ್.ಜೆ.ಪಿ.ಯಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರು ನಿಮ್ಮ ಕ್ಲಾಸಲ್ಲಿದ್ದರೆ, ಅವರ ವರ್ಕ್‌ಶಾಪಿನ ಮೂಲ ಬಂಡವಾಳದಲ್ಲಿ ಭದ್ರಾವತಿಯ ಪಾಲೂ ಇದೆ ಅಂತ ಹೇಳಿ.

ನೂರು ವರ್ಷ ದಾಟಿ ಬದುಕಿದ್ದ ಅವರು 1962ರಲ್ಲಿ ತೀರಿಕೊಂಡರು. ಆಮೇಲೆ ಕಾರ್ಖಾನೆಗೆ ಅವರ ಹೆಸರೇ ಬಂತು, ಮುಂದೆ ಅದು ಸೈಲ್‌ ಕೈಗೆ ಹೋಯಿತು. ಕುಲುಮೆ ಹಚ್ಚಿ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಮುಚ್ಚೋ ನಿರ್ಧಾರದ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಕಬ್ಬಿಣ ಕರಗಿಸೋ ಕುಲುಮೆ ಮಾತ್ರ ಅದರ ಜೊತೆ ಹೊತ್ತಿಕೊಳ್ಳಲಿಲ್ಲ.