ಗ್ರಂಥಸಂಗ್ರಾಹಕ ಥಾಮಸ್ ವೈಸ್

ನಮ್ಮ ಮನೆಯಲ್ಲಿ ಪಂಚಾಂಗವೊಂದನ್ನು ಬಿಟ್ಟರೆ ಬೇರೆ ಪುಸ್ತಕವಿರಲಿಲ್ಲ. ಬಿ.ಎ. ತರಗತಿಗೆಂದು ಹಳೆಯ ಪುಸ್ತಕದಂಗಡಿಯಲ್ಲಿ ನಾನು ಕೊಂಡ ಮೊದಲ ಪುಸ್ತಕದ ಒಳಹಾಳೆಯ ಮೇಲೆ, ಅಣ್ಣನೊಬ್ಬನು ಅದನ್ನು ತನ್ನ ತಂಗಿಗೆ ಕೊಟ್ಟನೆಂಬ ಬರಹವಿತ್ತು. ಅದನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ. ಹೀಗಿರುವಾಗ ಕವಿಯೊಬ್ಬನು ಮತ್ತೊಬ್ಬ ಕವಿಗೆ ಸ್ವಹಸ್ತದಿಂದ ಬರೆದು ಕೊಟ್ಟ ಪ್ರತಿಯ ಬೆಲೆ ಎಷ್ಟಿರಬೇಡ! ಅಂಥ ಪ್ರತಿಗಳ ಬೆನ್ನು ಹತ್ತಿದವರಲ್ಲಿ ಇಂಗ್ಲೆಂಡಿನ ಥಾಮಸ್ ಜೇಮ್ಸ್ ವೈಸನದು ದೊಡ್ಡ ಹೆಸರು.

1859ರಲ್ಲಿ ಗ್ರೇವ್ಸೆಂಡಿನಲ್ಲಿ ಹುಟ್ಟಿದ ಈತನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಎಳೆಯ ವಯಸ್ಸಿನಲ್ಲೇ ಲಂಡನ್ನಿನ ಸುಗಂಧತೈಲದ ವ್ಯಾಪಾರಿಗಳಲ್ಲಿ ಚಾಕರಿಗೆ ಸೇರಿದನು. ಉಳಿಸಿದ ಕಾಸಿನಿಂದ ಷೆಲ್ಲಿ ಮೊದಲಾದ ಕವಿಗಳ ಪ್ರಥಮ ಮುದ್ರಣಗಳನ್ನೂ ಹಸ್ತಾಕ್ಷರವುಳ್ಳ ಪ್ರತಿಗಳನ್ನೂ ಕೂಡಿಹಾಕುತ್ತ ಬಂದನು. ತಾನು ವಾಸವಾಗಿದ್ದ ಬೀದಿಯ ಹೆಸರನ್ನೇ ಇಟ್ಟು ಅದನ್ನು ಆಷ್ಲಿ ಗ್ರಂಥಭಂಡಾರವೆಂದು ಕರೆದನು. ಅದರ ಸೂಚಿಯೇ 11 ಸಂಪುಟಗಳಾದುವು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಈ ಗುಮಾಸ್ತನಿಗೆ ಗೌರವ ಎಂ.ಎ. ಪದವಿಯನ್ನಿತ್ತಿತು. ಇಲ್ಲಿಯವರೆಗೆ ಓದಿದಾಗ, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ನನಗೆ ಎದೆಯುಬ್ಬಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮುಂದಿನ ಕಥೆ ಬೇರೆ. 1934ರಲ್ಲಿ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ತರುಣ ಪುಸ್ತಕವ್ಯಾಪಾರಿಗಳು ಒಂದು ಗ್ರಂಥವನ್ನು ಪ್ರಕಟಿಸಿದರು. ಸುಮಾರು 50 ಕಿರುಹೊತ್ತಗೆಗಳನ್ನು ಅವರು ಅದರಲ್ಲಿ ಶೋಧಿಸಿದ್ದರು. ಅವುಗಳಲ್ಲಿ ಮುಖ್ಯವಾದುದು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ರಚಿಸಿದ ಪ್ರೇಮದ ಸುನೀತಗಳ ಸಂಕಲನ. 1847ರಲ್ಲಿ ರೆಡಿಂಗ್ ಪಟ್ಟಣದಲ್ಲಿ ಆಪ್ತರಿಗಾಗಿ ಅಚ್ಚಾದುದೆಂದು ಅದರ ಪ್ರತೀತಿ. ಆಪ್ತರಿಗೆ ಹಂಚಿದ್ದರೆ ಒಂದು ಪ್ರತಿಯ ಮೇಲಾದರೂ ಕವಯಿತ್ರಿಯ ಕೈಬರಹ ಇರಬೇಡವೇ? ಒಂದರ ಮೇಲೂ ಇರಲಿಲ್ಲ. ಕಾಗದವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ರಾಸಾಯನಿಕವಾಗಿ ಹದಗೊಳಿಸಿದ ಮರದ ತಿರುಳು ಕಂಡಿತು. ಇಂಗ್ಲೆಂಡಿನ ಕಾಗದದಲ್ಲಿ ಅದು ಬಳಕೆಗೆ ಬಂದದ್ದು 1874ರ ಸುಮಾರಿಗೆ. ಅಚ್ಚಿನ ಮೊಳೆಗಳೂ ಈಚಿನವೇ. ಕವಯಿತ್ರಿಯಾದರೋ 1861ರಲ್ಲೇ ತೀರಿಕೊಂಡಿದ್ದಳು!

ಗ್ರಂಥಕರ್ತರು ಆತನನ್ನು ಖೋಟಾಗಾರನೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಬೆರಳು ಯಾರ ಕಡೆಗಿದೆಯೆಂಬುದು ಎಲ್ಲರಿಗೂ ತಿಳಿಯಿತು. ವೈಸನು ಪತ್ರಿಕೆಗೆ ಏನೋ ಅಡ್ಡಮಾತು ಬರೆದು ಆಮೇಲೆ ಸುಮ್ಮನಾದನು. ಹ್ಯಾರಿ ಬಕ್ಸ್‌ಟನ್ ಫೋರ್ಮನ್ ಎಂಬ ಅಂಚೆ ಇಲಾಖೆಯ ಅಧಿಕಾರಿ, ಅವನೂ ವಿದ್ವಾಂಸನೇ, ಈ ಕೃತ್ಯದಲ್ಲಿ ಪಾಲುಗಾರನೆಂಬುದು ಮುಂದೆ ಹೊರಬಿತ್ತು. ಹಣದಾಸೆಯೊಂದೇ ಕಾರಣವೆಂದು ನನಗೆ ಒಪ್ಪಿಗೆಯಾಗದು. ಬೇರೆ ಯಾರ ಬಳಿಯೂ ಇಲ್ಲದ ಪುಸ್ತಕ ತನ್ನ ಬಳಿ ಇರಬೇಕೆಂಬ ಹುಚ್ಚೂ ಅದರಲ್ಲಿತ್ತು. ಇಷ್ಟೆಲ್ಲ ಓದಿದ ದಿನ ನಾನು ಗ್ರಂಥಾಲಯದಲ್ಲಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನಗೇ ಯಾರೋ ಮೋಸ ಮಾಡಿದಂತಿತ್ತು.

1937ರಲ್ಲಿ ವೈಸನು ತೀರಿಕೊಂಡನು. ಅದೇ ವರ್ಷ ಬ್ರಿಟಿಷ್ ಮ್ಯೂಸಿಯಂ ಆತನ ಭಂಡಾರವನ್ನು ಕೊಂಡುಕೊಂಡಿತು. ಅದರೊಳಗಿನ ಹಳೆಯ ನಾಟಕಗಳನ್ನು ಡೇವಿಡ್ ಫಾಕ್ಸನ್ ಎಂಬುವರು ಪರಿಶೀಲಿಸಿ, 1959ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ತನ್ನ ಹರುಕು ಪ್ರತಿಗಳನ್ನು ಪೂರ್ತಿ ಮಾಡಲೆಂದು ವೈಸನು ಅದೇ ಮ್ಯೂಸಿಯಮ್ಮಿನ ಪುಸ್ತಕಗಳಿಂದ ಹಾಳೆಗಳನ್ನು ಕಿತ್ತಿದ್ದನು. ತನ್ನಿಂದ ಕಳವಾದ ಹಾಳೆಗಳಿಗೆ ಮ್ಯೂಸಿಯಂ ತಾನೇ ಹಣ ತೆತ್ತು ಮನೆಗೆ ತಂದುಕೊಂಡಿತ್ತು.