ಅದಬ್ ಕಲಿತು ಕಲಿಸಿದ ಖ್ವಾಜಾ ಬಂದೇ ನವಾಜ್(ರ)

ಚಿತ್ತಾಪುರ, ವಾಡಿ, ಸೇಡಂ ಕಡೆಯ ಮನೆಗಳಿಗೆ ಹಿರಿಯರು ಬಂದರೆ ಬರ್ರಿ, ಕೂಡ್ರಿ ಎನ್ನಬೇಕೆಂದು ಮಕ್ಕಳಿಗೆ ಕಲಿಸುತ್ತಾರೆ. ಉರ್ದು ಮನೆಮಾತಾದವರು ಸಲಾಮ್ ಹೇಳಿಸಿ, ಆಪ್ ಎಂದು ಮಾತಾಡಿಸಲು ಕಲಿಸುತ್ತಾರೆ. ಈ ಮಾತುಗಳು ಮಗುವಿನ ನಾಲಿಗೆಗೆ ಬೇಗ ಬರುತ್ತವೆ. ಮನಸ್ಸಿಗೆ ಇಳಿಯುವುದು ಹೇಗೆ? ಈ ಸೀಮೆಯವರೆಲ್ಲ ಗೌರವಿಸುವ ಕಲಬುರಗಿಯ ಖ್ವಾಜಾ ಬಂದೇ ನವಾಜ್(ರ) ಅವರ ಬದುಕು ಇದಕ್ಕೆ ದಾರಿ ತೋರಿಸುತ್ತದೆ.

ಸೈಯದ್ ಮುಹಮ್ಮದ್ ಹುಸೈನಿ ಎಂಬುದು ಅವರ ನಿಜನಾಮ. ಜನನ 1321ರಲ್ಲಿ, ದೆಹಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಬದಲಾಯಿಸಿದಾಗ ಅವರ ಕುಟುಂಬವೂ ಅಲ್ಲಿಗೆ ಹೋಯಿತು. ಬಾಲ್ಯದಲ್ಲೇ ತಂದೆ ತೀರಿಕೊಂಡರು. ತಾಯಿಯೊಂದಿಗೆ ದೆಹಲಿಗೆ ಮರಳಿದ ಬಾಲಕ ಸುಮಾರು ಹದಿನೈದರ ಪ್ರಾಯದಲ್ಲಿ ಶೇಖ್ ನಸೀರುದ್ದೀನ್ ಚಿರಾಗ್ ದೆಹಲವಿ(ರ) ಅವರ ಶಿಷ್ಯನಾದ.

ಒಮ್ಮೆ ಗುರುಗಳ ಪಲ್ಲಕ್ಕಿ ಹೊತ್ತಾಗ ಅವರ ನೀಳವಾದ ಕೂದಲು ಅದಕ್ಕೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳಿಗೆ ತೊಂದರೆಯಾದೀತೆಂದು ಅವರು ನೋವು ನುಂಗಿ ನಡೆದರು. ಗೇಸೂದರಾಜ್, ಅಂದರೆ ನೀಳಕೇಶದವರು ಎಂಬ ಹೆಸರು ಹೀಗೆ ಬಂತೆಂಬುದು ಪರಂಪರೆಯ ಮಾತು. ಬಾಯಿಯಿಂದ ಒಂದು ಮಾತೂ ಹೊರಡದ ಈ ನಡತೆಯೂ ಅದಬೇ.

ತೈಮೂರನ ದಾಳಿಯ ವರ್ಷ, 1398ರಲ್ಲಿ, ಅವರು ದೆಹಲಿ ಬಿಟ್ಟರು. 1400ರ ಸುಮಾರಿಗೆ ಕಲಬುರಗಿ ಸೇರಿದಾಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಸುಹ್ರವರ್ದಿಯವರ ಆದಾಬುಲ್ ಮುರೀದೀನ್ ಎಂಬ ಅರಬಿ ಗ್ರಂಥಕ್ಕೆ ಪಾರ್ಸಿಯಲ್ಲಿ ವ್ಯಾಖ್ಯಾನ ಬರೆದವರು ಅವರು. ಹಿರಿಯರೊಡನೆ ಮಾತ್ರವಲ್ಲ, ಸಮವಯಸ್ಕರೊಡನೆ, ಕಿರಿಯರೊಡನೆ ಹೇಗಿರಬೇಕೆಂಬುದನ್ನೂ ಆ ಗ್ರಂಥ ತಿಳಿಸುತ್ತದೆ. ಕಿರಿಯರಿಗೆ ಕರುಣೆ ತೋರದವನನ್ನೂ ಹಿರಿಯರನ್ನು ಗೌರವಿಸದವನನ್ನೂ ಪ್ರವಾದಿವರ್ಯರು(ಸ) ಒಟ್ಟಿಗೇ ಎಚ್ಚರಿಸಿದ್ದಾರೆಂಬುದನ್ನು ಇಲ್ಲಿ ನೆನೆಯಬೇಕು.

ಮರ್ಯಾದೆಯೆಂದರೆ ಮುಖಸ್ತುತಿಯಲ್ಲ. ಸುಲ್ತಾನ್ ಫಿರೋಜ್ ಷಾ ಬಹಮನಿ ತನ್ನ ಮಗನನ್ನು ಉತ್ತರಾಧಿಕಾರಿಯೆಂದು ಹರಸಲು ಕೇಳಿದಾಗ ಖ್ವಾಜಾರು ಒಪ್ಪಲಿಲ್ಲ, ಮುನಿದ ಸುಲ್ತಾನ ಕೋಟೆಯ ಬಳಿಯಿಂದ ದೂರ ಹೋಗಲು ಹೇಳಿದ ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಖ್ವಾಜಾರು ಬೇರೆಡೆಗೆ ಹೋದರು, ಮಾತು ಬದಲಿಸಲಿಲ್ಲ. 1422ರಲ್ಲಿ ಸಿಂಹಾಸನ ಸುಲ್ತಾನನ ತಮ್ಮ ಅಹ್ಮದ್ ಷಾನಿಗೆ ಸಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಖ್ವಾಜಾರು ನಿಧನರಾದರು.

ತಾಯಂದಿರೇ, ತಂದೆಯವರೇ! ಮನೆಗೆ ಬಂದ ಅಧಿಕಾರಿಯನ್ನು ಬರ್ರಿ ಎಂದು ಕರೆದು, ಮೂಟೆ ಹೊತ್ತು ತಂದ ಮುದಿ ಹಮಾಲನನ್ನು ಏಕವಚನದಲ್ಲಿ ಗದರಿಸಿದರೆ, ಪಕ್ಕದಲ್ಲಿ ನಿಂತ ಮಗು ಏನು ಕಲಿಯುತ್ತದೆ? ಮರ್ಯಾದೆ ಕೊಡಬೇಕಾದ್ದು ವಯಸ್ಸಿಗಲ್ಲ, ಅಂತಸ್ತಿಗೆ ಎಂದು ಕಲಿಯುತ್ತದೆ. ಆಮೇಲೆ ಎಷ್ಟು ಉಪದೇಶಿಸಿದರೂ ಆ ಪಾಠ ಅಳಿಸುವುದು ಕಷ್ಟ. ಹಮಾಲನಿಗೂ ಕೂಡ್ರಿ ಎಂದು ಹೇಳಿ, ಒಂದು ಲೋಟ ನೀರನ್ನು ಮಗುವಿನ ಕೈಯಿಂದಲೇ ಕೊಡಿಸಿರಿ.