ಐಸಾಕ್ ಪಿಟ್‌ಮನ್ ಮತ್ತು ಶೀಘ್ರಲಿಪಿಯ ವೃತ್ತಿ

ಶೀಘ್ರಲಿಪಿಯ ಇತಿಹಾಸದಲ್ಲಿ ಐಸಾಕ್ ಪಿಟ್‌ಮನ್ ಎಂಬುದು ವ್ಯಕ್ತಿಯ ಹೆಸರಷ್ಟೇ ಅಲ್ಲ, ಒಂದು ಪದ್ಧತಿಯ ಹೆಸರೂ ಆಗಿದೆ. ಆದರೆ ಅವನು ಜೀವನವಿಡೀ ಬಯಸಿದ್ದು ಒಂದು, ಲೋಕ ಅವನಿಂದ ಪಡೆದದ್ದು ಇನ್ನೊಂದು.

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಟ್ರೋಬ್ರಿಜ್ ಪಟ್ಟಣದಲ್ಲಿ 1813ರ ಜನವರಿ 4ರಂದು ಜನಿಸಿದ ಪಿಟ್‌ಮನ್, ಬಟ್ಟೆ ಕಾರ್ಖಾನೆಯ ಮೇಲ್ವಿಚಾರಕನೊಬ್ಬನ ಮಗ. ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಗುಮಾಸ್ತನಾದ ಅವನು ಪುಸ್ತಕಗಳ ಮೂಲಕವೇ ವಿದ್ಯೆ ಗಳಿಸಿದನು. ಹೀಗಾಗಿ ಕಣ್ಣಿಗೆ ಪರಿಚಿತವಾಗಿದ್ದ ಅನೇಕ ಪದಗಳ ಉಚ್ಚಾರಣೆ ಅವನಿಗೆ ತಿಳಿದಿರಲಿಲ್ಲ. ಈ ಕೊರತೆಯನ್ನು ನೀಗಿಕೊಳ್ಳಲು ವಾಕರನ ಉಚ್ಚಾರಣ ನಿಘಂಟನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಣೆಗೂ ಇರುವ ಅಂತರವನ್ನು ಅಳಿಸಬೇಕೆಂಬುದು ಮುಂದೆ ಅವನ ಬಾಳಿನ ಛಲವಾಯಿತು.

ಉಪಾಧ್ಯಾಯನಾದ ಪಿಟ್‌ಮನ್ 1836ರಲ್ಲಿ ವಾಟನ್-ಅಂಡರ್-ಎಡ್ಜ್ ಎಂಬ ಊರಿನ ಶಾಲೆಗೆ ಬಂದನು. ಸ್ವೀಡನ್‌ಬೋರ್ಗ್‌ನ ಬೋಧನೆಯನ್ನು ಅನುಸರಿಸುವ ಹೊಸ ಚರ್ಚನ್ನು ಸೇರಿದ ಕಾರಣಕ್ಕೆ ಆ ಕೆಲಸವನ್ನು ಕಳೆದುಕೊಂಡರೂ ಎದೆಗುಂದದೆ, ಅದೇ ಊರಿನಲ್ಲಿ ಸ್ವಂತ ಶಾಲೆಯನ್ನು ತೆರೆದನು. ಅಲ್ಲಿಯವರೆಗೆ ಅವನು ಬಳಸುತ್ತಿದ್ದುದು ಸ್ಯಾಮ್ಯುಯಲ್ ಟೇಲರನ ಶೀಘ್ರಲಿಪಿ. ಅದಕ್ಕೆ ಬದಲಾಗಿ ತಾನೇ ರೂಪಿಸಿದ ಪದ್ಧತಿಯನ್ನು 1837ರಲ್ಲಿ ನಾಲ್ಕು ಪೆನ್ನಿ ಬೆಲೆಯ ಕಿರುಹೊತ್ತಗೆಯಾಗಿ ಪ್ರಕಟಿಸಿದನು.

ಈ ಪದ್ಧತಿಯ ಅಡಿಗಲ್ಲು ಅಕ್ಷರವಲ್ಲ, ಧ್ವನಿ. ಪ-ಬ, ತ-ದ, ಚ-ಜ, ಕ-ಗ ಈ ಜೋಡಿಗಳಲ್ಲಿ ರೇಖೆಯ ಆಕಾರ ಒಂದೇ. ಅಘೋಷಕ್ಕೆ ತೆಳುಗೆರೆ, ಘೋಷಕ್ಕೆ ದಪ್ಪಗೆರೆ. ಸ್ವರಗಳಿಗೆ ಚುಕ್ಕೆ ಮತ್ತು ಕಿರುಗೆರೆ. ವೇಗದ ಬರವಣಿಗೆಯಲ್ಲಿ ಸ್ವರಚಿಹ್ನೆಗಳು ಬಿಟ್ಟುಹೋಗುತ್ತವೆ. ಆಗ ರೇಖೆಯ ಸ್ಥಾನದಿಂದಲೂ ಸಂದರ್ಭದಿಂದಲೂ ಪದವನ್ನು ಗ್ರಹಿಸಬೇಕು. ಕನ್ನಡ ವರ್ಣಮಾಲೆಯ ವರ್ಗೀಯ ವ್ಯಂಜನಗಳನ್ನು ಬಲ್ಲವರಿಗೆ ಈ ವ್ಯವಸ್ಥೆಯ ತರ್ಕ ಅಪರಿಚಿತವೆನಿಸದು.

1839ರಲ್ಲಿ ಪಿಟ್‌ಮನ್ ಬಾತ್ ನಗರಕ್ಕೆ ಬಂದು ನೆಲೆಸಿದನು. ಮರುವರ್ಷ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದಾಗ, ಇಡೀ ಪದ್ಧತಿಯನ್ನು ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಿ ಒಂದು ಪೆನ್ನಿಗೆ ಮಾರಿದನು. ಅಂಚೆಯ ಮೂಲಕ ಪಾಠ ನಡೆಸಿದನು. 1843ರಲ್ಲಿ ಸ್ಥಾಪನೆಗೊಂಡ ಫೊನೆಟಿಕ್ ಸೊಸೈಟಿಯ ಸದಸ್ಯರು ಕಲಿಯುವವರ ಅಭ್ಯಾಸಗಳನ್ನು ಅಂಚೆಯಲ್ಲೇ ತರಿಸಿಕೊಂಡು ಉಚಿತವಾಗಿ ತಿದ್ದಿಕೊಡುತ್ತಿದ್ದರು. ಹೀಗೆ, ಪರಸ್ಪರ ಮುಖವನ್ನೇ ಕಾಣದ ಜನರ ನಡುವೆ ಒಂದು ವೃತ್ತಿಬಾಂಧವ್ಯ ಬೆಳೆಯಿತು. ಸಾಮಾನ್ಯ ಮನೆಗಳ ಯುವಕರಿಗೆ ಪತ್ರಿಕೆ, ನ್ಯಾಯಾಲಯ, ಸಭೆಗಳ ವರದಿಗಾರಿಕೆಯ ದಾರಿ ತೆರೆಯಿತು. ತಮ್ಮನಾದ ಬೆನ್ ಪಿಟ್‌ಮನ್ ಈ ವಿದ್ಯೆಯನ್ನು ಅಮೆರಿಕಕ್ಕೆ ಒಯ್ದು, ಲಿಂಕನ್ ಹತ್ಯೆಯ ಸಂಚುಗಾರರ 1865ರ ವಿಚಾರಣೆಯನ್ನು ದಾಖಲಿಸಿದನು. 1887ರಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಶೀಘ್ರಲಿಪಿ ಸಮ್ಮೇಳನ ನೆರೆದಾಗ ಪಿಟ್‌ಮನ್ ಪದ್ಧತಿಗೆ ಐವತ್ತು ತುಂಬಿತ್ತು.

ಶೀಘ್ರಲಿಪಿ ಹೀಗೆ ಹಬ್ಬಿದರೂ, ಅವನಿಗೆ ಅದಕ್ಕಿಂತ ಪ್ರಿಯವಾಗಿದ್ದ ಕಾಗುಣಿತ ಸುಧಾರಣೆ ಕೈಗೂಡಲಿಲ್ಲ. ಅಲೆಕ್ಸಾಂಡರ್ ಎಲ್ಲಿಸ್‌ನೊಡನೆ ಧ್ವನ್ಯನುಸಾರಿ ವರ್ಣಮಾಲೆಯನ್ನು ರಚಿಸಿ, ಪತ್ರಿಕೆ ನಡೆಸಿ, ಗಳಿಕೆಯನ್ನು ಅದಕ್ಕೆ ಸುರಿದರೂ ಇಂಗ್ಲಿಷ್ ಜನ ಹಳೆಯ ಬರಹವನ್ನು ಬಿಡಲಿಲ್ಲ. 1894ರಲ್ಲಿ ಸರ್ ಪದವಿ ಪಡೆದ ಪಿಟ್‌ಮನ್ 1897ರ ಜನವರಿಯಲ್ಲಿ ಬಾತ್‌ನಲ್ಲಿ ನಿಧನನಾದನು.

ಇಪ್ಪತ್ತನೆಯ ಶತಮಾನದಲ್ಲಿ ಅವನ ಪದ್ಧತಿಯನ್ನು ಕಲಿತು, ಮುಂಬಯಿ, ಮದರಾಸುಗಳ ಕಚೇರಿಗಳಲ್ಲಿ ಅನ್ನ ಸಂಪಾದಿಸಿದ ದಕ್ಷಿಣ ಭಾರತೀಯರು ಅಸಂಖ್ಯ. ಕನ್ನಡಕ್ಕೂ ಶೀಘ್ರಲಿಪಿ ಬಂದಿತು. ಕರ್ನಾಟಕದಲ್ಲಿ ಅದಕ್ಕೆ ಪರೀಕ್ಷೆಗಳೂ ಏರ್ಪಟ್ಟವು. ಧ್ವನಿಗೆ ನಿಷ್ಠವಾದ ಬರಹವನ್ನು ಪುಸ್ತಕಗಳಿಗೆ ತರಲಾರದೆ ಹೋದವನು, ಅದನ್ನು ವರದಿಗಾರನ ಟಿಪ್ಪಣಿ ಪುಸ್ತಕದಲ್ಲಿ ನೆಲೆಗೊಳಿಸಿದನು.